ಹಳೆಯದಾಗದೇ ಕ್ಲಾಸಿಕ್ ಆಗೋದು ಹೇಗೆ ಸ್ವಾಮಿ?

ಬಹಳ ಕಾಲ ಜನಪ್ರಿಯವಾಗಿ ಉಳಿದದ್ದನ್ನು ಹೊಗಳೋಕೆ ಇಂಗ್ಲಿಷಿನವರ ಹತ್ತಿರ ಪದಗಳಿಗೆ ಬರವೇ ಇಲ್ಲ. ಕ್ಲಾಸಿಕ್, ಎವರ್‌ಗ್ರೀನ್, ಪೆರೆನಿಯಲ್, ಗೋಲ್ಡನ್ ಓಲ್ಡಿ... ಮೇಲ್ನೋಟಕ್ಕೆ ಎಲ್ಲಾ ಒಂದೇ ಅನ್ನಿಸುತ್ತೆ. ಆದ್ರೆ ಒಂದೊಂದರ ರುಚಿಯೂ ಬೇರೆ.

ಎವರ್‌ಗ್ರೀನ್ ಅಂದ್ರೆ ವರ್ಷವಿಡೀ ಹಸಿರಾಗಿರೋ ಮರ. ಪೆರೆನಿಯಲ್ ತೋಟದವರ ಮಾತು, ಎರಡು ವರ್ಷಕ್ಕಿಂತ ಹೆಚ್ಚು ಬದುಕೋ ಗಿಡ. ಹಾಗಾಗಿ ಪ್ರತಿ ಡಿಸೆಂಬರಿಗೆ ಮತ್ತೆ ಚಿಗುರೋ ಕ್ರಿಸ್‌ಮಸ್ ಹಾಡಿಗೆ ಪೆರೆನಿಯಲ್ ಚೆನ್ನಾಗಿ ಹೊಂದುತ್ತೆ. 1975ರಲ್ಲಿ ಬಂದಾಗ ಸೋತು, ಆಮೇಲೆ ಮಧ್ಯರಾತ್ರಿ ಪ್ರದರ್ಶನಗಳಿಂದಲೇ ದಶಕಗಟ್ಟಲೆ ಬದುಕಿದ 'ದಿ ರಾಕಿ ಹಾರರ್ ಪಿಕ್ಚರ್ ಶೋ' ಥರದ ಸಿನಿಮಾಕ್ಕೆ ಕಲ್ಟ್ ಅಂತಾರೆ. ಹೇಳಿ ಹೇಳಿ ಸವೆದುಹೋದ ಜೋಕಿಗೆ 'ಓಲ್ಡ್ ಚೆಸ್ಟ್‌ನಟ್'! ಹಳೆಯದಾಗೋದು ಬೇರೆ, ಹಳಸೋದು ಬೇರೆ ಅನ್ನೋದು ಅವರಿಗೂ ಗೊತ್ತು.

ನನ್ನ ತಕರಾರು ಇರೋದು ಕ್ಲಾಸಿಕ್ ಬಗ್ಗೆ. ಲ್ಯಾಟಿನ್ ಮೂಲದಲ್ಲಿ ಈ ಪದಕ್ಕೂ ವಯಸ್ಸಿಗೂ ಸಂಬಂಧವೇ ಇಲ್ಲ. ರೋಮಿನಲ್ಲಿ 'ಕ್ಲಾಸಿಕಸ್' ಅಂದ್ರೆ ಆಸ್ತಿವಂತರ ಮೇಲ್ವರ್ಗದವನು. ಎರಡನೇ ಶತಮಾನದ ಆಲಸ್ ಗೆಲಿಯಸ್‌ನ ಪುಸ್ತಕದಲ್ಲಿ ಅದು ಉತ್ತಮ ಲೇಖಕನಿಗೆ ಬಳಕೆಯಾಗಿದೆ. ಅದರ ವಿರುದ್ಧ ಪದ 'ಪ್ರೊಲೆಟೇರಿಯಸ್', ಅಂದ್ರೆ ಏನೂ ಇಲ್ಲದ ಬಡವ! ಕಾಲದ ಪರೀಕ್ಷೆಯಲ್ಲಿ ಪಾಸಾಗಿದ್ದು ಅನ್ನೋ ಅರ್ಥ ಆಮೇಲೆ ಕೂಡಿಕೊಂಡಿದ್ದು. ನನ್ನ ಮಟ್ಟಿಗೆ ಪದಕ್ಕೆ ಬೆಲೆ ಬಂದಿದ್ದೇ ಆಗ. ಯಾಕಂದ್ರೆ ಆ ಪರೀಕ್ಷೆಗೆ ವಶೀಲಿ ನಡೆಯೋದಿಲ್ಲ.

ಈಗ ಆ ಅರ್ಥವೇ ಕರಗ್ತಾ ಇದೆ. 1946ರಲ್ಲಿ ಹೋಮರನ 'ಒಡಿಸ್ಸಿ'ಯಿಂದ ಶುರುವಾದ ಪೆಂಗ್ವಿನ್ ಕ್ಲಾಸಿಕ್ಸ್ ಮಾಲೆಯಲ್ಲಿ 2013ರಲ್ಲಿ ಗಾಯಕ ಮಾರಿಸ್ಸಿಯ ಆತ್ಮಕಥೆ ಬಂತು. ಮೊದಲ ಮುದ್ರಣವೇ ಕ್ಲಾಸಿಕ್! ಇನ್ನು 'ಇನ್‌ಸ್ಟಂಟ್ ಕ್ಲಾಸಿಕ್' ಅನ್ನೋ ಮಾತಂತೂ, ಇವತ್ತು ಹಾಕಿದ ಮಾವಿನಮಿಡಿ ಉಪ್ಪಿನಕಾಯಿ ಜಾಡಿಗೆ 'ಹಳೇದು' ಅಂತ ಚೀಟಿ ಅಂಟಿಸಿದ ಹಾಗೆ.

ಕೋಕಾ-ಕೋಲಾ ಕಥೆ ನೋಡಿ. 1985ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ರುಚಿ ಬದಲಾಯಿಸಿದರು. ಜನ ರೇಗಿದರು. ಜುಲೈನಲ್ಲಿ ಹಳೇ ರುಚಿ ವಾಪಸ್ ಬಂತು, 'ಕೋಕಾ-ಕೋಲಾ ಕ್ಲಾಸಿಕ್' ಅನ್ನೋ ಹೆಸರಲ್ಲಿ. ಆ ಬಿರುದನ್ನು ಡಬ್ಬಿ ಮೇಲೆ ಅಚ್ಚು ಹಾಕಿದ್ದು ಕಂಪನಿಯೇ ಇರಬಹುದು, ಆದ್ರೆ ಕೊಟ್ಟಿದ್ದು ಜನ. ಹೊಸದನ್ನು ಕುಡಿದು ನೋಡಿ, ಬೇಡ ಅಂದು ಕೊಟ್ಟಿದ್ದು.

ನಾವೂ ಈ ಪದಗಳನ್ನ ಹಾಗೇ ತಂದು, ಹೋದ ವಾರ ಬಂದ ಹಾಡಿಗೂ 'ಎವರ್‌ಗ್ರೀನ್' ಅಂತೀವಿ. ನಮ್ಮ 'ನಿತ್ಯಹರಿದ್ವರ್ಣ' ಮಾತ್ರ ಪಾಪ, ಪಶ್ಚಿಮ ಘಟ್ಟದ ಕಾಡು ಬಿಟ್ಟು ಆಚೆ ಬಂದಿಲ್ಲ. ಅದೇ ಒಳ್ಳೇದೇನೋ! ಹೊಸ ಹಾಡು ಚೆನ್ನಾಗಿದ್ರೆ 'ಚೆನ್ನಾಗಿದೆ' ಅಂದ್ರೆ ಸಾಕಲ್ವಾ? ದೊಡ್ಡ ಪದ ಹೇಳೋಕೆ ನಮ್ಮ ಮಕ್ಕಳಿದ್ದಾರೆ. ಅವರು ಗುನುಗಿದ್ರೆ ತಾನೇ ಅದು ಎವರ್‌ಗ್ರೀನ್?

ನೀವೇನಂತೀರಿ?