ಯಂತ್ರದ ಗುಮಾನ್, ನಮ್ಮ ಗುಮಾನಿ

ಮೊಬೈಲ್ ಪರದೆಯ ಮೇಲೆ ಒಂದು ಬಗೆಯ ವೀಡಿಯೋ ಓಡುತ್ತಿರುತ್ತದೆ. ಮೊದಲು ಒಂದು ಮುಖ. ಆ ಮುಖದ ಕಣ್ಣಿನೊಳಗೆ ಒಂದು ಕಾಡು, ಕಾಡಿನೊಳಗೆ ಒಂದು ಮನೆ, ಮನೆಯ ಕಿಟಕಿಯಾಚೆ ಒಂದು ಪಟ್ಟಣ. ನಾವು ಒಳಕ್ಕೆ ಇಳಿಯುತ್ತಲೇ ಇರುತ್ತೇವೆ, ತಳ ಸಿಗುವುದಿಲ್ಲ. ಇದಕ್ಕೆ 'ಇನ್ಫಿನಿಟ್ ಝೂಮ್' ಎಂದು ಹೆಸರು. ಕೃತಕ ಬುದ್ಧಿಮತ್ತೆಯಿಂದ ಚಿತ್ರ ಬಿಡಿಸುವ ತಂತ್ರಾಂಶಗಳು 2022ರಲ್ಲಿ ಜನಸಾಮಾನ್ಯರ ಕೈಗೆ ಬಂದ ಮೇಲೆ ಇದನ್ನು ಮಾಡಲು ಚಿತ್ರಕಾರನಾಗಬೇಕಿಲ್ಲ. ಉಜಿರೆಯ ಬಾಡಿಗೆ ಕೋಣೆಯಲ್ಲಿರುವ ಒಬ್ಬ ವಿದ್ಯಾರ್ಥಿ ರಾತ್ರಿ ಬೆಳಗಾಗುವುದರೊಳಗೆ ಮಾಡಿ ಮುಗಿಸಬಲ್ಲ. ಮಾಡಲಿ, ಸಂತೋಷ. ಆದರೆ ಇದನ್ನು 'ಆಳಕ್ಕೆ ಇಳಿಯುವುದು' ಎಂದು ಹೊಗಳುವವರೊಂದಿಗೆ ನನಗೆ ತಕರಾರಿದೆ.

ಈ ವೀಡಿಯೋ ತಯಾರಾಗುವ ಬಗೆಯನ್ನೇ ನೋಡಿ. ಮೊದಲು ಒಂದು ಚಿತ್ರ. ಅದನ್ನು ಕುಗ್ಗಿಸಿ ನಡುವೆ ಇಡುತ್ತಾರೆ. ಸುತ್ತ ಖಾಲಿ ಉಳಿದ ಅಂಚನ್ನು ಯಂತ್ರ ತುಂಬುತ್ತದೆ. ಹಾಗೆ ಹುಟ್ಟಿದ ಚಿತ್ರವನ್ನು ಮತ್ತೆ ಕುಗ್ಗಿಸಿ ಮತ್ತೆ ಅಂಚು ತುಂಬಿಸುತ್ತಾರೆ. ಹೀಗೆ ಹತ್ತಿಪ್ಪತ್ತು ಸಲ. ಕೊನೆಗೆ ಎಲ್ಲವನ್ನೂ ಹಿಂದುಮುಂದಾಗಿ ಜೋಡಿಸಿ ಓಡಿಸಿದರೆ ನಾವು ಒಳಕ್ಕೆ ಹೋಗುತ್ತಿರುವಂತೆ ಭಾಸವಾಗುತ್ತದೆ. ಮಿಡ್‌ಜರ್ನಿ ಎಂಬ ತಂತ್ರಾಂಶ 2023ರ ಜೂನ್‌ನಲ್ಲಿ 'ಝೂಮ್ ಔಟ್' ಎಂಬ ಗುಂಡಿಯನ್ನೇ ಒದಗಿಸಿತು. ಅಂದರೆ ಒಳಗೆ ಯಾರೂ ಹೋಗಿಲ್ಲ. ಹೊರಗೆ ಹೊರಗೆ ಊಹಿಸುತ್ತಾ ಹೋದದ್ದನ್ನೇ ತಿರುಗಿಸಿ ತೋರಿಸಿ ನಮ್ಮನ್ನು ನಂಬಿಸಲಾಗಿದೆ.

ಝೂಮ್ ಎಂಬುದೇನೂ ಹೊಸತಲ್ಲ. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1977ರಲ್ಲಿ 'ಪವರ್ಸ್ ಆಫ್ ಟೆನ್' ಎಂಬ ಕಿರುಚಿತ್ರ ಮಾಡಿದರು. ಶಿಕಾಗೊದ ಉದ್ಯಾನದಲ್ಲಿ ಮಲಗಿದ ಮನುಷ್ಯನಿಂದ ಹೊರಟ ಕ್ಯಾಮರಾ ಹತ್ತು ಸೆಕೆಂಡಿಗೆ ಹತ್ತು ಪಟ್ಟು ದೂರ ಸರಿಯುತ್ತಾ ನಕ್ಷತ್ರಲೋಕ ದಾಟುತ್ತದೆ. ಮರಳಿ ಬಂದು ಅವನ ಕೈಯ ಚರ್ಮದೊಳಗೆ ಪರಮಾಣುವಿನವರೆಗೆ ಇಳಿಯುತ್ತದೆ. ಅದೂ ಜೋಡಿಸಿದ ಚಿತ್ರಗಳಿಂದಲೇ ಆದದ್ದು. ಆದರೆ ಪ್ರತಿ ಹೆಜ್ಜೆಯ ಹಿಂದೆ ವಿಜ್ಞಾನದ ಲೆಕ್ಕವಿತ್ತು. ತಪ್ಪಿದ್ದರೆ ಯಾರಾದರೂ ತಿದ್ದಬಹುದಿತ್ತು. ಯಂತ್ರ ತುಂಬಿದ ಅಂಚನ್ನು ತಿದ್ದುವವರು ಯಾರು? ಯಾವ ವಾಸ್ತವದ ಪಕ್ಕದಲ್ಲಿಟ್ಟು ತಿದ್ದುವುದು?

ನಮ್ಮ ಮೂಡಬಿದಿರೆಗೆ ಹೋಗಿ ನೋಡಿ. 1430ರ ಹೊತ್ತಿನ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದ ಕೆತ್ತನೆ ಇನ್ನೊಂದರಂತಿಲ್ಲ. ಅಲ್ಲಿ ಹತ್ತಿರ ಹೋದಷ್ಟೂ ಒಬ್ಬ ಶಿಲ್ಪಿಯ ಶ್ರಮ ಕಾಣುತ್ತದೆ. ಬೆಳ್ತಂಗಡಿಯ ಪಕ್ಕದ ಗಡಾಯಿಕಲ್ಲನ್ನು, ಅಂದರೆ ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿದ ಜಮಲಾಬಾದನ್ನು ಏದುಸಿರು ಬಿಡುತ್ತಾ ಹತ್ತಿದವರಿಗೆ ಸಿಗುವುದು ಮುರಿದ ಗೋಡೆ ಮತ್ತು ಒಂದು ಕೊಳ. ಯಂತ್ರಕ್ಕೆ ಅದೇ ಬಂಡೆಯ ಒಂದು ಫೋಟೋ ಕೊಟ್ಟು 'ಟಿಪ್ಪುವಿನ ಕೋಟೆ, ಸುತ್ತ ತುಂಬು' ಎನ್ನಿ. ಅದು ಅರಮನೆ ಕಟ್ಟಬಹುದು, ಆನೆ ನಿಲ್ಲಿಸಬಹುದು, ಉರಿಯುವ ಊರನ್ನೂ ಬಿಡಿಸಬಹುದು. ಕೇಳುವವನ ಮನಸ್ಸಿನಲ್ಲಿ ಭಕ್ತಿ ಇದ್ದರೆ ಅರಮನೆ, ದ್ವೇಷ ಇದ್ದರೆ ಬೆಂಕಿ. ಬಂಡೆಗೆ ಎರಡೂ ಗೊತ್ತಿಲ್ಲ.

ಉರ್ದುವಿನಲ್ಲಿ 'ಗುಮಾನ್' ಎಂಬ ಶಬ್ದವಿದೆ. ಕಾಣದ್ದನ್ನು ಹೀಗಿರಬಹುದು ಎಂದು ಎಣಿಸುವುದು ಎಂದರ್ಥ. ಅದೇ ಶಬ್ದ ಕನ್ನಡಕ್ಕೆ ಬಂದು 'ಗುಮಾನಿ' ಆಯಿತು. ಈಗ ಅದಕ್ಕೆ ಸಂಶಯ ಎಂದರ್ಥ. ಈ ಎರಡು ಅರ್ಥಗಳ ನಡುವೆ ಇರುವುದು ಎಷ್ಟು ಸಣ್ಣ ದಾರಿ! ಯಂತ್ರ ಮಾಡುವುದು ಗುಮಾನ್. ಅದನ್ನು ಗುಮಾನಿಯಾಗಿ ಬೆಳೆಸಿಕೊಳ್ಳುವವರು ನಾವು.

ಯಂತ್ರದ ಊಹೆ ಎಲ್ಲಿಂದ ಬರುತ್ತದೆ? ಜಗತ್ತು ಈಗಾಗಲೇ ಅಂತರ್ಜಾಲದಲ್ಲಿ ರಾಶಿ ಹಾಕಿದ ಚಿತ್ರಗಳಿಂದ. 'ರೆಸ್ಟ್ ಆಫ್ ವರ್ಲ್ಡ್' ಎಂಬ ಪತ್ರಿಕೆ 2023ರಲ್ಲಿ ಮಿಡ್‌ಜರ್ನಿಯಿಂದ 'ಒಬ್ಬ ಭಾರತೀಯ ವ್ಯಕ್ತಿ'ಯ ನೂರು ಚಿತ್ರ ಬರೆಸಿತು. ಬಂದದ್ದು ಹೆಚ್ಚುಕಡಿಮೆ ನೂರೂ ಗಡ್ಡದ ಮುದುಕರೇ. ಹೊಲದಲ್ಲಿ ದುಡಿಯುವ ಹೆಂಗಸು, ಬಸ್ಸಿನ ಕಂಡಕ್ಟರ್, ಬೀಡಿ ಕಟ್ಟುವ ತಾಯಿ ಭಾರತೀಯರಲ್ಲವೇ? ಇಡೀ ದೇಶದ ಅಂಚನ್ನು ಒಂದೇ ಮುಖದಿಂದ ತುಂಬುವ ಯಂತ್ರ, ನಮ್ಮ ಕರಾವಳಿಯ ಬ್ಯಾರಿ ಮೊಹಲ್ಲಾದ ಅಂಚನ್ನೋ ದಲಿತ ಕಾಲೊನಿಯ ಅಂಚನ್ನೋ ಯಾವುದರಿಂದ ತುಂಬೀತು? ಯಾರ ಬಗ್ಗೆ ಜಗತ್ತು ಮೊದಲೇ ತೀರ್ಮಾನಿಸಿದೆಯೋ ಅವರ ಬಗ್ಗೆ ಅದೇ ತೀರ್ಮಾನ, ಇನ್ನಷ್ಟು ಬಣ್ಣದಲ್ಲಿ.

ಇದು ಬರೀ ತರ್ಕದ ಮಾತಲ್ಲ. ಉಜಿರೆಗೆ ಕೂಗಳತೆಯಲ್ಲಿರುವ ಧರ್ಮಸ್ಥಳದಲ್ಲಿ ಶವಗಳನ್ನು ಹೂಳಲಾಗಿದೆ ಎಂಬ ದೂರಿನ ಮೇಲೆ 2025ರ ಜುಲೈಯಲ್ಲಿ ರಾಜ್ಯ ಸರಕಾರ ವಿಶೇಷ ತನಿಖಾ ತಂಡ ರಚಿಸಿತು. ಅದೇ ತಿಂಗಳು ಈ ವಿಷಯದಲ್ಲಿ ಎಐ ಚಿತ್ರಗಳಿದ್ದ ವೀಡಿಯೋ ಒಂದರ ಮೇಲೆ ಪೊಲೀಸರು ಪ್ರಕರಣ ದಾಖಲಿಸಿದರು. ಆ ದೂರಿನ ಸತ್ಯಾಸತ್ಯ ಹೇಳಬೇಕಾದದ್ದು ತನಿಖೆ ಮತ್ತು ನ್ಯಾಯಾಲಯ. ನನ್ನ ಮಾತು ಇಷ್ಟೇ. ನ್ಯಾಯ ಕೇಳುವವರು ಎಐ ಚಿತ್ರಕ್ಕೆ ಎಲ್ಲರಿಗಿಂತ ಹೆಚ್ಚು ಹೆದರಬೇಕು. ಯಾರೂ ಕಾಣದ ದೃಶ್ಯವನ್ನು ಯಂತ್ರದಿಂದ ತುಂಬಿಸಿ ತೋರಿಸಿದರೆ, ನಾಳೆ ನಿಜವಾದ ಸಾಕ್ಷಿ ಬಂದು ನಿಂತಾಗಲೂ 'ಇದೂ ಎಐ' ಎಂದು ನಕ್ಕುಬಿಡುವುದು ಎದುರಾಳಿಗೆ ಸುಲಭವಾಗುತ್ತದೆ. ಸುಳ್ಳು ಚಿತ್ರದಿಂದ ಅಪವಾದ ಹೊತ್ತವನಿಗೂ ನಷ್ಟ, ನೊಂದವನಿಗೂ ನಷ್ಟ.

'ಕತೆಗಾರನೂ ಊಹಿಸುತ್ತಾನಲ್ಲ?' ಎಂದು ಕೇಳಬಹುದು. ಹೌದು, ನಾನೂ ಊಹಿಸಿಯೇ ಬರೆಯುತ್ತೇನೆ. ಆದರೆ ಕತೆಯ ಕೆಳಗೆ ನನ್ನ ಹೆಸರಿರುತ್ತದೆ, ಮೇಲೆ 'ಕತೆ' ಎಂದಿರುತ್ತದೆ. ನನ್ನ ಊರಿನವರು ಬಂದು ಅಂಗಿ ಹಿಡಿದು ಕೇಳಬಹುದು. 2004ರಲ್ಲಿ ಕಲಾವಿದರು ಒಬ್ಬರ ಚಿತ್ರದ ಅಂಚನ್ನು ಇನ್ನೊಬ್ಬರು ಮುಂದುವರಿಸಿ 'ಝೂಮ್‌ಕ್ವಿಲ್ಟ್' ಎಂಬ ಕೊನೆಯಿಲ್ಲದ ಚಿತ್ರ ಕಟ್ಟಿದ್ದರು. ಅದು ಕಲ್ಪನೆ ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು, ಬಿಡಿಸಿದವರೂ ಇದ್ದರು. ಕಲ್ಪನೆ ತಪ್ಪಲ್ಲ. ಹೊಣೆಗಾರನಿಲ್ಲದ ಕಲ್ಪನೆ ಸತ್ಯದ ಅಂಗಿ ತೊಡುವುದು ತಪ್ಪು.

ಯಂತ್ರ ಚಿತ್ರಿಸಿದ್ದಕ್ಕೆ ಗುರುತು ಹಾಕಬೇಕೆಂದು ಕೇಂದ್ರ ಸರಕಾರ 2025ರ ಅಕ್ಟೋಬರ್‌ನಲ್ಲಿ ಕರಡು ನಿಯಮ ಪ್ರಕಟಿಸಿತು. ಒಳ್ಳೆಯದೇ. ಆದರೆ ಬರೀ ನಿಯಮ ಸಾಲದು. ಆ ಗುರುತು ನಮ್ಮ ತಾಯಂದಿರಿಗೂ ಓದಲು ಬರುವಂತೆ ಕನ್ನಡದಲ್ಲಿ, ಮೊದಲ ದೃಶ್ಯದಲ್ಲೇ ಇರಲಿ. ವೀಡಿಯೋ ಮಾಡಲು ಕಲಿಸುವ ಕಾಲೇಜುಗಳು, ಅಂಚು ತುಂಬುವುದರ ಜೊತೆಗೆ ಯಾವ ಅಂಚನ್ನು ಖಾಲಿ ಬಿಡಬೇಕೆಂಬುದನ್ನೂ ಕಲಿಸಲಿ. ಊರಿನ ಹೆಸರು, ಮನುಷ್ಯರ ಮುಖ, ಸಾವು, ಗಲಭೆ ಇದ್ದಲ್ಲಿ ಯಂತ್ರದ ಊಹೆ ಬೇಡ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬಿಟ್ಟುಬಿಡುವುದು ದೊಡ್ಡ ಗುಣ. ಯಂತ್ರಕ್ಕೆ ಆ ಗುಣವಿಲ್ಲ, ಖಾಲಿ ಕಂಡಲ್ಲೆಲ್ಲ ಅದು ತುಂಬುತ್ತದೆ. ನಾವೂ ಅದನ್ನು ಕಳೆದುಕೊಂಡರೆ, ನೆರೆಮನೆಯ ಬಾಗಿಲು ತಟ್ಟಿ ಕೇಳಬೇಕಾದದ್ದನ್ನು ಪರದೆಯೊಳಗೆ ಹುಡುಕುತ್ತಾ ಕೂರುತ್ತೇವೆ.