ಆರೋಗ್ಯ ವಿಚಾರ: ಉಪ್ಪು ಮತ್ತು ಮೂತ್ರಪಿಂಡ

ಭರತದ ಉಪ್ಪುನೀರು ಗದ್ದೆಗೆ ನುಗ್ಗಿ ನಿಂತರೆ ಪೈರು ಕೆಡುವುದೆಂಬುದನ್ನು ಹೆಮ್ಮಾಡಿಯ ಕೃಷಿಕರಿಗೆ ನಾವು ಹೇಳಬೇಕಾದುದಿಲ್ಲ. ದೇಹದಲ್ಲಿಯೂ ಹೆಚ್ಚಿನ ಉಪ್ಪು ಹೊರಗೆ ಹೋಗಲೇಬೇಕು. ಆ ಕೆಲಸ ಮೂತ್ರಪಿಂಡಗಳದು.

ಅವು ರಕ್ತವನ್ನು ಸೋಸಿ, ಉಪ್ಪಿನ ಬಹುಭಾಗವನ್ನು ಸೂಕ್ಷ್ಮ ನಾಳಗಳ ಮೂಲಕ ಮರಳಿ ರಕ್ತಕ್ಕೆ ಸೇರಿಸುವುವು. ನಾವು ಉಪ್ಪನ್ನು ಹೆಚ್ಚಾಗಿ ತಿಂದಾಗ ಆ ನಾಳಗಳ ಜೀವಕೋಶಗಳೇ ಡೋಪಮಿನ್ ಎಂಬ ದ್ರವ್ಯವನ್ನು ತಯಾರಿಸುವುವು. ಮಿದುಳಿನಲ್ಲಿರುವುದೂ ಇದೇ ದ್ರವ್ಯ. ಆದರೆ ಇದು ಅಲ್ಲಿಂದ ಬಂದುದಲ್ಲ. ಜೀವಕೋಶಗಳ ಗ್ರಾಹಕಗಳಿಗೆ ಅದು ತಗುಲಿದೊಡನೆ ಉಪ್ಪಿನ ಮರುಹೀರಿಕೆ ಕಡಮೆಯಾಗಿ, ಹೆಚ್ಚಿನದು ಮೂತ್ರದೊಡನೆ ಹೊರಬೀಳುವುದು. ಈ ಗ್ರಾಹಕಗಳಲ್ಲಿ 5 ಬಗೆಗಳುಂಟು. ರಕ್ತದೊತ್ತಡವುಳ್ಳ ಅನೇಕರಲ್ಲಿ ಗ್ರಾಹಕವಿದ್ದರೂ ಅದರ ಸೂಚನೆ ಒಳಗೆ ಮುಟ್ಟದು. ಉಪ್ಪೂ ಅದರೊಡನೆ ನೀರೂ ಉಳಿದು ಒತ್ತಡವೇರುವುದು.

ಆದುದರಿಂದಲೇ ಒಂದೇ ಪಂಕ್ತಿಯಲ್ಲಿ ಗಂಜಿಯೂಟ ಮಾಡಿದವರಲ್ಲಿ ಒಬ್ಬರಿಗೆ ಉಪ್ಪು ಬಾಧಿಸದಿರಬಹುದು, ಇನ್ನೊಬ್ಬರನ್ನು ಬಾಧಿಸಬಹುದು. ದಿನಕ್ಕೆ 5 ಗ್ರಾಮಿಗಿಂತ ಕಡಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಒಣಮೀನುಗಳ ಉಪ್ಪೂ ಈ ಲೆಕ್ಕದೊಳಗೇ ಸೇರಿತು. ನೋವಿಲ್ಲವೆಂದು ಹಿರಿಯರು ಮಾತ್ರೆ ಬಿಟ್ಟಾರು. ಒತ್ತಡವಾದರೋ ಸದ್ದಿಲ್ಲದೆ ಮೂತ್ರಪಿಂಡವನ್ನೇ ಕೆಡಿಸುವುದು. ವೈದ್ಯರನ್ನು ಕೇಳದೆ ಮಾತ್ರೆ ಬಿಡದಂತೆ ಮನೆಯವರು ನೋಡಿಕೊಳ್ಳತಕ್ಕದ್ದು.