ತಪಾಸಣೆಯ ನಂತರ ನಡೆಯಲು ಜಾಗ ಎಲ್ಲಿ?

ಐಟಿ ಕಂಪನಿಯಿರಲಿ, ಹೊರನಾಡ ಕನ್ನಡ ಸಂಘವಿರಲಿ, ಆರೋಗ್ಯ ಕಾಳಜಿ ಎಂದರೆ ವರ್ಷಕ್ಕೊಂದು ತಪಾಸಣಾ ಶಿಬಿರ. ರಿಪೋರ್ಟ್ ಕೈಗೆ ಬರುತ್ತದೆ, ಡ್ರಾಯರ್ ಸೇರುತ್ತದೆ. ಚೆನ್ನೈನದೇ ಹಳೆಯ ಅಧ್ಯಯನವೊಂದು ಬೇರೆ ದಾರಿ ತೋರಿಸಿತ್ತು.

1990ರ ದಶಕದ ಕೊನೆಯಲ್ಲಿ ಡಾ. ವಿ. ಮೋಹನ್ ಅವರ ತಂಡ ಇಲ್ಲಿನ ಎರಡು ಬಡಾವಣೆಗಳಲ್ಲಿ ಮಧುಮೇಹದ ಸಮೀಕ್ಷೆ ನಡೆಸಿತು. ಅವುಗಳಲ್ಲೊಂದು, ಮಧ್ಯಮ ವರ್ಗದವರ ಏಷ್ಯಾಡ್ ಕಾಲೊನಿ. ಜತೆಗೆ ಜಾಗೃತಿ ಕಾರ್ಯಕ್ರಮಗಳೂ ನಡೆದವು. ಕಾಲೊನಿಯವರು ಕೇಳಿ ಸುಮ್ಮನಾಗಲಿಲ್ಲ. ತಾವೇ ಹಣ ಕೂಡಿಸಿ ಪಾರ್ಕ್ ಮಾಡಿಕೊಂಡರು. ವಾರಕ್ಕೆ ಮೂರು ಸಲಕ್ಕಿಂತ ಹೆಚ್ಚು ವ್ಯಾಯಾಮ ಮಾಡುವವರು ಮೊದಲು ಶೇ 14ರಷ್ಟಿದ್ದರು. ಕೆಲವು ವರ್ಷಗಳ ನಂತರ ಶೇ 58 ದಾಟಿದರು. ಪಾರ್ಕ್ ಒಂದೇ ಕಾರಣ ಎನ್ನಲಾಗದು, ನಿಜ. ಆದರೆ ಅಷ್ಟೊಂದು ಜನರ ಸೋಮಾರಿತನ ತಾನಾಗಿಯೇ ಬಿಟ್ಟುಹೋಗಲು ಸಾಧ್ಯವೇ?

ಓಎಂಆರ್‌ನಲ್ಲಿ ಕೆಲಸ ಮುಗಿಸಿ ಹೊರಬಂದವರಿಗೆ ಫುಟ್‌ಪಾತೇ ಸರಿಯಿಲ್ಲದಿದ್ದರೆ ಸ್ಮಾರ್ಟ್‌ವಾಚ್ ಏನು ಮಾಡೀತು? (ಸೆಕೆಯ ಮಾತು ಬೇರೆ!) ತಮಿಳುನಾಡು 2021ರಲ್ಲಿ ಕನ್ನಡಿಗರೂ ಇರುವ ಕೃಷ್ಣಗಿರಿ ಜಿಲ್ಲೆಯಿಂದ ಆರಂಭಿಸಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಬಿಪಿ, ಶುಗರ್ ಮಾತ್ರೆಗಳನ್ನು ಮನೆ ಬಾಗಿಲಿಗೆ ತಲುಪಿಸುತ್ತದೆ. ಒಳ್ಳೆಯದೇ. ಆದರೆ ಮಾತ್ರೆ ಬೇಕಾಗುವ ಮೊದಲಿನ ಕೆಲಸ ಬಡಾವಣೆಯದ್ದು. ನಮ್ಮಂಥ ಅಪಾರ್ಟ್‌ಮೆಂಟ್‌ನವರು ಚಂದಾ ಎತ್ತಿ ಮಾಡಿಕೊಳ್ಳಬಹುದು. ಅದು ಆಗದ ಕಡೆ ಪಾಲಿಕೆಯೇ ಜಾಗ ಕೊಡಬೇಕು.